ಅಳಿವೆಬಾಯಿ

ಮಮ್ಮುಂಞಿಕ್ಕನ ದೋಣಿಗೆ ಸರಕಾರದ ಬಾಡಿಗೆ ದಿನಕ್ಕೆ ಇನ್ನೂರೈವತ್ತು.
ಮೂರು ತಿಂಗಳಿಂದ ಬಂದಿಲ್ಲ.
ಆದರೂ ಬೆಳಗ್ಗೆ ಆರಕ್ಕೆ ತಳಂಗರೆ ಕಡವಿನಲ್ಲಿ ಹಗ್ಗ ಬಿಚ್ಚುತ್ತಾನೆ.
ಹೊಳೆ ಅಳೆಯುವ ಲಿಗೋರಿ ಮೊಂತೇರೊ ಹತ್ತುತ್ತಾರೆ,
ಶನಿವಾರವಾದ್ದರಿಂದ ನಾನೂ.

ಸೀಸದ ಮೀನೊಂದು, ಅದರ ತಲೆಯ ಮೇಲೆ ಆರು ಪುಟ್ಟ ಬಟ್ಟಲು.
ಚಂದ್ರಗಿರಿಯಲ್ಲಿ ಇಳಿಬಿಟ್ಟರೆ ಬಟ್ಟಲು ತಿರುಗುತ್ತವೆ,
ತಿರುಗಿದಷ್ಟು ಸಲ ಮೊಂತೇರೊ ಕಿವಿಯಲ್ಲಿ ಟಿಕ್.
ಅರವತ್ತು ಸೆಕೆಂಡು ಯಾರೂ ಮಾತಾಡುವ ಹಾಗಿಲ್ಲ.
ದಡದಲ್ಲಿ ಮೀನಿನವನ ಹಾರ್ನ್ ಕೂಡ ಅಪರಾಧ.

"ನೀವೂ ಇದೇ ಕೆಲಸವಂತೆ ಟೀಚರೇ, ಆಕಾಶದಲ್ಲಿ?"
ಹೂಂ, ಎಂದೆ. ಸ್ವಲ್ಪ ನಾಚಿಕೆಯಾಯಿತು.

ನನ್ನ ಬಟ್ಟಲುಗಳು ಘಟ್ಟದಾಚೆಯ ದ್ರಾಕ್ಷಿ ಬಯಲಿನಲ್ಲಿ,
ತಂತಿಬಲೆಯವು, ಮೂರು ಕಬಡ್ಡಿ ಅಂಗಳ ಸಾಲಾಗಿಟ್ಟಷ್ಟು ಅಗಲ.
ಅವನ್ನು ತಿರುಗಿಸಿದವಳು ನಾನಲ್ಲ;
ಹತ್ತು ರಾತ್ರಿಯ ಅಂಕಿಗಳನ್ನು ಡಿಸ್ಕಿನಲ್ಲಿ ತುಂಬಿ
ಅಂಚೆಯಲ್ಲಿ ತರಿಸಿಕೊಂಡವಳು.
ಒಂಬತ್ತನೆಯ ಕನ್ನಡ ವಿಭಾಗದ ಏಳು ಪುಸ್ತಕ ತಿದ್ದಿ ಮುಗಿದ ಮೇಲೆ ತೆರೆಯುತ್ತೇನೆ:
ಎರಡು ದಿಕ್ಕಿಗೂ ರೇಡಿಯೋ ಅಲೆ ಕಾರುವ ಒಂದು ಗ್ಯಾಲಕ್ಸಿ,
ನಡುವೆ ಕಪ್ಪುಕುಳಿ,
ಕುಳಿಯ ಸುತ್ತ ಅನಿಲ.
ಪರದೆಯ ಮೇಲೆ ಇದ್ಯಾವುದೂ ಇಲ್ಲ.
ಒಂದು ಗೀಟು. ಗೀಟಿನಲ್ಲಿ ಒಂದು ತಗ್ಗು,
ಮಗುವಿನ ಗಲ್ಲಕ್ಕೆ ಬೆರಳು ಒತ್ತಿದಷ್ಟು.

ತಗ್ಗು ಇರಬೇಕಾದಲ್ಲಿ ಇಲ್ಲ, ಕೆಂಪಿನ ಕಡೆಗೆ ಸರಿದಿದೆ.
ಸರಿದದ್ದೇ ವೇಗ: ಸೆಕೆಂಡಿಗೆ ನೂರನಲವತ್ತು ಕಿಲೋಮೀಟರ್,
ಹನ್ನೆರಡು ಹೆಚ್ಚು ಇಲ್ಲವೆ ಕಡಿಮೆ.
ಒಂದು ಟಿಕ್ಕಿಗೆ ಕಾಸರಗೋಡು ಬಿಟ್ಟು ವಡಕರ ದಾಟುವ ಹಾಗೆ,
ನಮ್ಮಿಂದ ದೂರ, ಅಂದರೆ ಕುಳಿಯ ಒಳಕ್ಕೆ.
ಬಿದ್ದಾಗಿ ಎಂಬತ್ತು ಕೋಟಿ ವರ್ಷ.

ಜಲಜನಕ, ಎಂದು ಬೋರ್ಡಿನ ಮೇಲೆ ಬರೆದೆ.
ನೀರನ್ನು ಹೆತ್ತದ್ದು.
ಹೆತ್ತದ್ದಾದರೆ ಅಲ್ಲಿ ನೀರೆಲ್ಲಿ ಟೀಚರ್, ಎಂದಳು ಸಫ್ವಾನಾ.
ಇನ್ನೂ ಹೆರಲಿಲ್ಲ.
ನಕ್ಕರು. ಏಳು ಜನ ನಕ್ಕರೆ ಕೋಣೆ ತುಂಬುವುದಿಲ್ಲ.

ಮೊಂತೇರೊ ಬರೆದುಕೊಂಡರು: ಮೂವತ್ತೊಂದು.
ಮೀನನ್ನು ಇನ್ನೂ ಕೆಳಗೆ, ಕೆಸರಿನ ಹತ್ತಿರದವರೆಗೆ ಬಿಟ್ಟರು.
ಮೂವತ್ತೊಂದು.
ಹಾಗಾದರೆ ಮೇಲೂ ಅಡಿಗೂ ನೀರು ಒಂದೇ, ಎಂದೆ.
ಮಮ್ಮುಂಞಿಕ್ಕ ತಲೆ ಎತ್ತಲಿಲ್ಲ. ಹಗ್ಗದ ಮೇಲೆ ಒಂದು ಬೆರಳು ಇಟ್ಟ.
"ಮೇಲಿನದು ಕಡಲಿಗೆ. ಅಡಿಯದ್ದು ಕಡಲಿಂದ. ಉಪ್ಪು ಅಲ್ಲವಾ, ಭಾರ.
ಬಟ್ಟಲಿಗೆ ತಿರುಗಲಿಕ್ಕೆ ಗೊತ್ತುಂಟು,
ಎಲ್ಲಿಗೆ ಅಂತ ಗೊತ್ತಿಲ್ಲ."

ನನ್ನದಕ್ಕೆ ಗೊತ್ತುಂಟು, ಎನ್ನಲು ಬಾಯಿ ತೆರೆದೆ.
ಗೊತ್ತಿರುವುದು ಎರಡೇ: ಬರುವುದು, ಹೋಗುವುದು.
ಅಡ್ಡಕ್ಕೆ ಎಷ್ಟು ರಭಸದಲ್ಲಿ ಹರಿದರೂ
ನನ್ನ ಗೀಟಿನಲ್ಲಿ ಅದು ಕೆರೆಯ ನೀರು.
ಬೆರಳಿಡಲು ಹಗ್ಗ ಎಲ್ಲಿಂದ ತರಲಿ.

ಮನೆಗೆ ಬಂದವಳು ಚಪ್ಪಲಿ ಬಿಡದೆ ತೆರೆದೆ.
ತಗ್ಗಿನ ನೀಲಿ ಬದಿಯಲ್ಲಿ
ಗದ್ದಲವೆಂದು ನಾನೇ ಹಿಂದೆ ಗುಡಿಸಿ ಹಾಕಿದ್ದ ಒಂದು ಇಳಿಜಾರು,
ಆಳವಿಲ್ಲ, ಉದ್ದ ಉಂಟು, ಒಣಗಲು ಹಾಸಿದ ಬಲೆಯ ಹಾಗೆ.
ಹತ್ತು ಹತ್ತು ಚಾನಲ್ ಕೂಡಿಸಿದೆ. ಹೋಗಲಿಲ್ಲ.
ಇಪ್ಪತ್ತು ಕೂಡಿಸಿದೆ. ಇತ್ತು.
ಸೆಕೆಂಡಿಗೆ ಎಂಟುನೂರು, ನಮ್ಮ ಕಡೆಗೆ.
ಬೀಳುತ್ತಿರುವುದರ ಪಕ್ಕದಲ್ಲೇ
ಹೊರಗೆ ದಬ್ಬಿಸಿಕೊಂಡು ಬರುತ್ತಿರುವುದು.
ಬಾಯಿ ಒಂದೇ.

ಅಥವಾ ಗದ್ದಲವೇ ಇರಬಹುದು. ಇನ್ನೂ ಹತ್ತು ರಾತ್ರಿ ಕೇಳಬೇಕು,
ಕೊಡುತ್ತಾರೋ ಇಲ್ಲವೋ.
ಮೊಂತೇರೊ ಪುಸ್ತಕದಲ್ಲಿ ದಿಕ್ಕಿಗೆ ಕಲಂ ಇಲ್ಲ;
ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಬಾಣ ಹಾಕುತ್ತಾರೆ,
ಕಚೇರಿಯಲ್ಲಿ ಯಾರೋ ಉಜ್ಜುತ್ತಾರೆ,
ಇವರು ಮತ್ತೆ ಹಾಕುತ್ತಾರೆ.

ಬರುವ ಶನಿವಾರ ಇಳಿತ ಏಳೂಕಾಲಿಗೆ.
ಬಾಡಿಗೆ ಬಂತಾ ಕೇಳಬೇಕು.